ದಪ್ಪವಾದ ರೊಟ್ಟಿ

ಭಕ್ತರೇ, ಇವತ್ತಿನ ವಿಷಯ ಬಹಳ ಗಹನವಾದದ್ದು. ಮಾತು ನಿಲ್ಲಿಸಿ, ಮಕ್ಕಳನ್ನು ಹತ್ತಿರ ಕೂಡಿಸಿಕೊಳ್ಳಿ. ವಿಷಯ ಇಷ್ಟೇ: ರೊಟ್ಟಿ ದಪ್ಪವಾದರೆ ಏನು ಮಾಡಬೇಕು?

ನಗಬೇಡಿ. ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಹೆಸರು ಬೇಡ, ಹೇಳಿದರೆ ಮುಂದಿನ ಸಾಲಿನವರೆಲ್ಲ ಹಿಂದೆ ತಿರುಗಿ ನೋಡುತ್ತಾರೆ. ಅವನ ಹೆಂಡತಿ ಬಡಿದ ಜೋಳದ ರೊಟ್ಟಿ ಹಾಳೆಯಷ್ಟು ತೆಳು. ಮೂವತ್ತು ವರ್ಷ ಬಡಿದಳು. ಬಂದವರು ಉಂಡು ಹೊಗಳಿದರು, ಅವನು ಮೀಸೆ ತಿರುವಿದ. ಮಠಕ್ಕೂ ಬುಟ್ಟಿ ತುಂಬ ರೊಟ್ಟಿ ಹೋಗುತ್ತಿತ್ತು; ನಮ್ಮಂಥ ಸ್ವಾಮಿಗಳೂ ಹೊಗಳಿದರು. ಹೊಗಳುವವರ ಕೈ ಎಂದಾದರೂ ನೋಯುತ್ತದೆಯೇ?

ಒಂದು ಮಧ್ಯಾಹ್ನ ದಪ್ಪ ರೊಟ್ಟಿ ತಾಟಿಗೆ ಬಿತ್ತು.

“ಏನಿದು, ಸಗಣಿ ಕುಳ್ಳು ತಟ್ಟೀಯೇನು?” ಎಂದ.

“ಹೆಬ್ಬಟ್ಟು, ಬಾಜೂಕಿನ ಎರಡು ಬಟ್ಟು ಜೋಮು ಹಿಡಿದಾವ್ರಿ. ಹಿಟ್ಟು ಬಿಸಿ ಐತೋ ತಣ್ಣಗೈತೋ ತಿಳೀವಲ್ದು.”

“ವಯಸ್ಸಾತು ನಿನಗ. ಎಣ್ಣಿ ಹಚ್ಚಿ ತಿಕ್ಕು.”

ಅವನು ಕೆಟ್ಟವನಲ್ಲ, ನೋಡಿ. ಎಣ್ಣೆ ತಾನೇ ತಂದುಕೊಟ್ಟ. ಅದು ನಾಟದಿದ್ದಾಗ ಪಟ್ಟಣದ ದವಾಖಾನೆಗೂ ಕರೆದೊಯ್ದ. ಡಾಕ್ಟರು ಮಣಿಕಟ್ಟು ಒತ್ತಿ ನೋಡಿದರು. “ಇಲ್ಲಿ ಚರ್ಮದ ಕೆಳಗಿನ ಒಂದು ಪಟ್ಟಿ, ನರಾನ ಅದುಮೈತಿ. ಉಗುರಿನಷ್ಟು ಗಾಯ ಮಾಡಿ, ಸಣ್ಣ ಕ್ಯಾಮೆರಾ ಬಿಟ್ಟು, ಆ ಪಟ್ಟಿ ಕೊಯ್ದು ಬಿಡತೀವಿ. ಸಂಜೀಕ ಮನೀಗೆ ಹೋಗಬಹುದು. ತಡ ಮಾಡಬ್ಯಾಡ್ರಿ, ನರ ಸಾಯತೈತಿ.”

ಶ್ರೀಮಂತನ ಪ್ರಶ್ನೆ ಒಂದೇ: “ರೊಟ್ಟಿ ಯಾವಾಗಿಂದ ಬಡೀಬಹುದ್ರಿ?”

“ಒಂದೂವರಿ ತಿಂಗಳು ಬ್ಯಾಡ.”

ಒಂದೂವರೆ ತಿಂಗಳು! ಮುಂದಿನ ವಾರ ಬೀಗರು ಬರುವವರಿದ್ದರು. ಬೀಗರು ಹೋದರು, ಶ್ರಾವಣ ಬಂತು. ಮಠದ ಬುಟ್ಟಿ ತಪ್ಪಿಸುವುದು ಹೇಗೆ? ಶ್ರಾವಣ ಹೋಯಿತು, ದೀಪಾವಳಿ ಬಂತು. ಹಬ್ಬಗಳಿಗೇನು ಕಡಿಮೆ? ಕೆಲಸದಾಕೆಯನ್ನು ಇಡಬಹುದಿತ್ತು. “ಹೊರಗಿನವರ ಕೈ ರೊಟ್ಟಿ ನಮ್ಮನ್ಯಾಗ ಯಾರೂ ಉಂಡಿಲ್ಲ” ಎಂದ. ಆಕೆಯೂ, “ಆತೇಳ್ರಿ, ಹಬ್ಬ ಮುಗೀಲಿ” ಎಂದಳು. ಹೀಗೆ ಎರಡು ವರ್ಷ; ರಾತ್ರಿಯೆಲ್ಲ ಕೈ ನೋವು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿ ಬಿತ್ತು. ಆಕೆಗೆ ಸೀರೆಯ ಪಿನ್ನು ಹಾಕಿಕೊಳ್ಳಲು ಬಾರದೆ ಹೋದ ದಿನ ಅವನೇ ಹೆದರಿ ಆಪರೇಷನ್‌ಗೆ ಒಪ್ಪಿದ.

ಹೇಳಿದಂತೆಯೇ ಉಗುರಿನಷ್ಟು ಗಾಯ, ಸಂಜೆಗೆ ಮನೆ. ವರ್ಷದ ಮೇಲೆ ಮತ್ತೆ ತೋರಿಸಲು ಹೋದರು. “ಕಣ್ಣು ಮುಚ್ಚರಿ ಅಮ್ಮಾ. ಹತ್ತಿ ಮುಟ್ಟಸ್ತೀನಿ, ಗೊತ್ತಾದ ಕೂಡ್ಲೆ ಹೇಳ್ರಿ” ಎಂದಳು ನರ್ಸು. ಶ್ರೀಮಂತ ಎದುರಿಗೇ ನಿಂತಿದ್ದ. ಹತ್ತಿ ಹೆಬ್ಬೆರಳ ತುದಿಯಲ್ಲಿ ಓಡಾಡಿತು. ತೋರುಬೆರಳಿಗೆ ಬಂತು. ನಡುಬೆರಳಿಗೆ ಬಂತು. ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕಾಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು:

“ಯಾವಾಗ ಮುಟ್ಟಸ್ತೀಯವ್ವಾ?”



ನಾವು ಅವನಂಥವರಲ್ಲ ಎನ್ನುತ್ತೀರಿ. ಒಳ್ಳೆಯದು. ನಿಮ್ಮ ಮನೆಯಾಕೆ ಕೆಲಸದ ನಡುವೆ ಕೈ ಜಾಡಿಸುವುದನ್ನು ನೀವು ಎಂದಾದರೂ ನೋಡಿದ್ದೀರಾ? ತಾಟಿನ ಮೇಲಿನ ಕಣ್ಣನ್ನು ಎತ್ತಿ, ರೊಟ್ಟಿ ಬಡಿಯುವ ಕೈಯ ಮೇಲಿಡಿ. ಆಕೆ ಜೋಮು ಎಂದರೆ ಆ ವಾರವೇ ಡಾಕ್ಟರಿಗೆ ತೋರಿಸಿ. ಹಬ್ಬ ಕಾಯಲಿ, ಬೀಗರು ಕಾಯಲಿ. ಅಷ್ಟು ದಿನ ಅನ್ನ ಉಣ್ಣಿ, ಇಲ್ಲವೇ ನೀವೇ ಬಡಿಯಿರಿ. ಮಠಕ್ಕೆ ಬುಟ್ಟಿ ಬಾರದಿದ್ದರೆ ಸ್ವಾಮಿಗಳೇನೂ ಸಾಯುವುದಿಲ್ಲ. ತಾಯಂದಿರೇ, “ಆತೇಳ್ರಿ” ಅನ್ನುವುದನ್ನು ನೀವೂ ಬಿಡಿ.

ಶ್ರೀಮಂತನ ಹೆಂಡತಿಯ ನೋವು ನಿಂತಿತು. ಆ ಮೂರು ಬೆರಳಿಗೆ ಸ್ಪರ್ಶ ಮರಳಲಿಲ್ಲ.