ವಯರಿನ ಇನ್ನೊಂದು ತುದಿ

ಒಂದೂರಿನಲ್ಲಿ ಒಬ್ಬ ಹುಡುಗಿ ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದು, ಅದನ್ನು ಅಂಗೈಯಿಂದ ಮುಚ್ಚಿಕೊಂಡಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ನೋಡಿ. ಆದರೂ ಮುಚ್ಚಿಕೊಂಡಳು. ಬರೆದದ್ದೇನು? ‘ಅಪ್ಪ ಇವತ್ತೂ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದ. ಬಲಗೈ ನಡುಗುತ್ತಿತ್ತು. ಇದನ್ನು ನಾನೊಬ್ಬಳೇ ನೋಡುತ್ತಿದ್ದೇನೆಯೇ, ಅಥವಾ ಎಲ್ಲರೂ ನೋಡಿ ಸುಮ್ಮನಿದ್ದಾರೆಯೇ?’ ಇಷ್ಟೇ ಬರೆದದ್ದು.

ಹುಡುಗಿಯ ಹೆಸರು ಶಾಂಭವಿ. ಬಿ.ಎ. ಮುಗಿಸಿದ್ದಳು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಅನ್ನುತ್ತಿದ್ದ ‘ಪ್ರೆಸೆಂಟ್’ ಕೇಳಿಸದೆ ಮೇಷ್ಟ್ರು ಎಷ್ಟೋ ಸಲ ಗೈರುಹಾಜರಿ ಹಾಕಿದ್ದುಂಟು, ಅಷ್ಟು ಮೆಲುದನಿ. ತಂದೆ ವೀರಭದ್ರಾಚಾರಿ ಬಡಗಿ. ಊರಿನ ಅರ್ಧಕ್ಕರ್ಧ ಬಾಗಿಲು ಅವರ ಕೈಯಿಂದ ಬಂದದ್ದು. ಪ್ರವಚನದ ಕಥೆ ಎಂದು ನೀವು ಶ್ರೀಮಂತನನ್ನು ಕಾಯುತ್ತಿದ್ದರೆ ಕ್ಷಮಿಸಿ, ಈ ಕಥೆಯಲ್ಲಿ ಶ್ರೀಮಂತನಿಲ್ಲ. ಒಂದು ಮಿಷನ್ ಇದೆ.

ಎಂಥ ಮಿಷನ್? ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಡೆಸಿಕೊಂಡು ಹೋಗುವ ಕಟಿಂಗ್ ಮಿಷನ್. ಮುಂದೆ ಗಿರ್ರನೆ ತಿರುಗುವ ಹಲ್ಲಿನ ಚಕ್ರ, ಹಿಂದೆ ಹತ್ತು ಮೊಳ ವಯರು. ಒಂದು ದಿನ ಬೆಳಿಗ್ಗೆ ಆಚಾರಿಯವರು ಹಲಗೆ ಕೊಯ್ಯುತ್ತ ಕೊಯ್ಯುತ್ತ ತಮ್ಮ ಮಿಷನ್ನಿನ ವಯರನ್ನೇ ಕೊಯ್ದುಬಿಟ್ಟರು. ಟಪ್ಪೆಂದು ಕಿಡಿ ಹಾರಿತು. ಮನೆಯೊಳಗೆ ಮಿಕ್ಸಿ ನಿಂತಿತು.

"ಏನಾಯ್ತುರೀ?" ಒಳಗಿನಿಂದ ಹೆಂಡತಿ ಕೂಗಿದರು.

"ಏನಾಗಾದು? ಈ ದರಿದ್ರದ್ ವಯರು ಅಡ್ಡ ಬಂತು!"

"ಮೂರ್ನೇ ಸಲ ಅಡ್ಡ ಬರ್ತಾ ಅದಲ್ಲ, ಅದ್ಕೇನ್ ಕಾಲ್ ಬಂದವಾ?"

ನಗುತ್ತೀರಿ. ನಗಿ. ಆದರೆ ಆ ತಾಯಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ವಯರಿಗೆ ಕಾಲಿಲ್ಲ. ವಯರು ಅಡ್ಡ ಬರುವುದಿಲ್ಲ. ಮೂವತ್ತು ವರ್ಷ ಎಳೆದ ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ನಡೆದ ಕೈ, ಈಗ ಮೂರು ತಿಂಗಳಿಂದ ಗೆರೆ ಬಿಟ್ಟು ವಯರಿನ ಕಡೆ ಹೋಗುತ್ತಿತ್ತು. ಶಾಂಭವಿಗೆ ಅದು ಗೊತ್ತಿತ್ತು. ಎಡಗೈ ಹಲಗೆ ಒತ್ತಿ ಹಿಡಿದಿರುತ್ತದೆ, ಬಲಗೈ ಮಿಷನ್ ನಡೆಸುತ್ತದೆ. ಇವತ್ತು ವಯರು, ನಾಳೆ ಎಡಗೈ ಬೆರಳು. ಅವಳ ಎದೆಯಲ್ಲಿ ಕೂತಿದ್ದ ಭಯ ಇದೇ.

ಆ ಸಂಜೆ ಸೋದರಮಾವ ದೇವೇಂದ್ರ ಬಂದ. ಪಕ್ಕದ ಪೇಟೆಯಲ್ಲಿ ಮನೆಗಳಿಗೆ ಕಪಾಟು ಕೂರಿಸುವವನು. ವಯರಿಲ್ಲದ ಬ್ಯಾಟರಿ ಮಿಷನ್ನುಗಳ ಪರಮಭಕ್ತ.

"ಭಾವ, ಇನ್ನೂ ಬಾಲ ಇರೋ ಮಿಷನ್ ಹಿಡ್ಕಂಡ್ ಕುಂತಿದ್ದೀಯಲ್ಲ!"

"ಬಾಲ ಇರೋದು ಹಸ ಕಣಯ್ಯ. ಬೆಳಿಗ್ಗೆಯಿಂದ ಸಂಜೆ ಗಂಟ ಮೇಯ್ಕಂಡ್ ಹಾಲ್ ಕೊಡ್ತದೆ. ನಿಂದು ಕಪ್ಪೆ. ನಾಕ್ ನೆಗೆತ ನೆಗ್ದು ಕುಂತ್ಕತದೆ."

"ಕುಂತ್ರೆ ಇನ್ನೊಂದ್ ಬ್ಯಾಟರಿ ಹಾಕದು! ಕರೆಂಟ್ ಹೋದ್ರೆ ನಿನ್ ಹಸ ಕೂಗಕ್ಕೂ ಆಗಾಕಿಲ್ಲ."

ಹೀಗೆ ಶುರುವಾದದ್ದು ಊಟ ಮುಗಿದರೂ ಮುಗಿಯಲಿಲ್ಲ. ಒಬ್ಬರು ವಯರಿನ ಪಕ್ಷ, ಒಬ್ಬರು ಬ್ಯಾಟರಿ ಪಕ್ಷ. ಕೊನೆಗೆ ದೇವೇಂದ್ರ ಶಾಂಭವಿಯ ಕಡೆ ತಿರುಗಿದ. "ಓದ್ದೋಳು ನೀನು. ನೀನೇ ಹೇಳವ್ವ, ಯಾವ್ದು ಒಳ್ಳೇದು?"

ಶಾಂಭವಿ ನೆಲ ನೋಡುತ್ತ ಹೇಳಿದಳು. "ದಪ್ಪ ಮರ, ದಿನವಿಡೀ ಕೆಲ್ಸ, ಒಂದೇ ಜಾಗ, ಅಂದ್ರೆ ವಯರಿಂದೇ ಸರಿ. ಶಕ್ತಿ ಇಳಿಯಲ್ಲ. ಬೇರೇರ್ ಮನೇಲಿ, ಏಣಿ ಮೇಲೆ, ಪ್ಲಗ್ ಇಲ್ದಿರೋ ಕಡೆ ಬ್ಯಾಟರಿದು ಸಲೀಸು."

"ಭೇಷ್!" ಅಂದರು ಇಬ್ಬರೂ. ಇಬ್ಬರಿಗೂ ತಾವೇ ಗೆದ್ದಂತೆ ಕಂಡಿತು.

ನೋಡಿ, ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಹೇಳಬೇಕಾದದ್ದನ್ನು ಹೇಳಲಿಲ್ಲ. ಸುಳ್ಳು ಹೇಳದೆ ಇರುವುದಕ್ಕೂ ನಿಜ ಹೇಳುವುದಕ್ಕೂ ನಡುವೆ ಬಹಳ ದೊಡ್ಡ ಅಂಗಳವಿದೆ. ನಾವೆಲ್ಲ ಆ ಅಂಗಳದಲ್ಲೇ ಮಂಚ ಹಾಕಿಕೊಂಡು ಮಲಗಿದ್ದೇವೆ.

ಮರುದಿನ ದೇವೇಂದ್ರ ತನ್ನ ಬ್ಯಾಟರಿ ಮಿಷನ್ ತಂದುಕೊಟ್ಟ. "ಒಂದ್ ವಾರ ಇಟ್ಕಂಡ್ ನೋಡು ಭಾವ." ಬಡಗಿಯ ಮನೆಗೆ ಹೊಸ ಹತ್ಯಾರ ಬಂದರೆ ಪೂಜೆಯಿಲ್ಲದೆ ಮರ ಮುಟ್ಟಿಸುವುದುಂಟೇ? ಆಚಾರಿಯವರು ಸ್ನಾನ ಮಾಡಿ ಬಂದರು. ಉಳಿಗೆ, ಕೊಡತಿಗೆ ಹಚ್ಚುವ ಹಾಗೆಯೇ ಇದಕ್ಕೂ ಗಂಧ ಕುಂಕುಮ ಹಚ್ಚಿದರು. ಬ್ಯಾಟರಿಯನ್ನು ಬೇರೆ ತೆಗೆದು, ‘ಜೀವ ಇರೋದು ಇದ್ರಲ್ಲೇ’ ಎಂದು ಅದರ ತಾಮ್ರದ ಹಲ್ಲುಗಳಿಗೆ ಇನ್ನಷ್ಟು ಧಾರಾಳವಾಗಿ ಗಂಧ ಬಳಿದರು. ಊದುಬತ್ತಿ ಬೆಳಗಿದರು. ಬ್ಯಾಟರಿ ಸಿಕ್ಕಿಸಿ, ಕೈಮುಗಿದು, ಬಟನ್ ಒತ್ತಿದರು.

ಉಸಿರೇ ಇಲ್ಲ.

"ನೋಡ್ದಾ? ಮೊದಲ್ನೇ ದಿನಾನೇ ಶಿವನ ಪಾದ ಸೇರ್ಕತು!" ಆಚಾರಿಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಫೋನ್ ಮಾಡಿ ಬಾಮೈದನಿಗೆ ಸಂತಾಪವನ್ನೂ ಹೇಳಿದರು.

ಶಾಂಭವಿ ಯಾರೂ ಇಲ್ಲದಾಗ ಬ್ಯಾಟರಿ ಕಳಚಿ, ಒಣಬಟ್ಟೆಯಿಂದ ಗಂಧ ಒರೆಸಿ, ಮತ್ತೆ ಸಿಕ್ಕಿಸಿದಳು. ಮಿಷನ್ ಜೀವಂತ! ಅದರ ಸದ್ದು ಕೇಳಿ ಬಂದ ತಂದೆ ಮಧ್ಯಾಹ್ನ ಅದರಲ್ಲೇ ಒಂದು ತೆಳು ಹಲಗೆ ಕೊಯ್ದರು. ವಯರಿಲ್ಲ, ಅಡ್ಡ ಬರುವುದು ಏನೂ ಇಲ್ಲ. ಗೆರೆ ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಹಾವಿನ ಹಾಗೆ ಬಾಗಿತು.

ಆಚಾರಿಯವರು ಆ ಬಾಗಿನ ಮೇಲೆ ಬೆರಳು ಎಳೆದು ನೋಡಿದರು. ಆಮೇಲೆ ಅಂದರು: "ಬ್ಯಾಟರೀಲಿ ಕಸುವಿಲ್ಲ."

ನಿನ್ನೆ ತಪ್ಪು ವಯರಿನದು. ಇವತ್ತು ತಪ್ಪು ಬ್ಯಾಟರಿಯದು. ಶಾಂಭವಿ ಬಾಗಿಲಲ್ಲಿ ನಿಂತಿದ್ದಳು. ತಂದೆ ತಲೆ ಎತ್ತಿದರು. "ಏನವ್ವ?" ಅಂದರು. "ಕಾಫಿ ತರ್ಲಾ ಅಪ್ಪ?" ಅಂದಳು. ಅಷ್ಟೇ ಆದದ್ದು ಅವಳ ಕೈಯಲ್ಲಿ.

ಇನ್ನೆರಡು ದಿನಕ್ಕೆ ಮೇಷ್ಟ್ರೊಬ್ಬರ ಹೊಸ ಮನೆಯ ಮುಂಬಾಗಿಲಿಗೆ ತೇಗದ ಹಲಗೆ ಬಂತು. ಮೂರು ಬೆರಳು ದಪ್ಪ. ಆಚಾರಿಯವರು ಹಳೆಯ ಮಿಷನ್ನಿನ ವಯರಿಗೆ ಕರಿ ಟೇಪು ಸುತ್ತಿ, ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿದರು. ಸೀಸದಕಡ್ಡಿಯಿಂದ ಗೆರೆ ಎಳೆದರು. ಎಡಗೈಯಿಂದ ಹಲಗೆ ಒತ್ತಿದರು. ಬಟನ್ ಒತ್ತಿದರು. ಮಿಷನ್ ಅಬ್ಬರಿಸಿತು.

ಶಾಂಭವಿ ಗೋಡೆಯ ಹತ್ತಿರ ನಿಂತಿದ್ದಳು. ಚಕ್ರ ಒಂದು ಗೇಣು ಮುಂದೆ ಹೋಯಿತು. ಬಲಗೈ ನಡುಗಿತು. ಚಕ್ರ ಗೆರೆ ಬಿಟ್ಟು ಎಡಕ್ಕೆ ವಾಲಿತು, ಹೆಬ್ಬೆರಳು ಇರುವ ಕಡೆಗೆ. ಕೂಗಿದರೆ ಆ ಅಬ್ಬರದಲ್ಲಿ ಅವಳ ದನಿ ಕೇಳಿಸುತ್ತಿತ್ತೇ? ಹಾಜರಿಯೇ ಕೇಳಿಸದ ದನಿ! ಅವಳು ಕೂಗಲಿಲ್ಲ. ಬಗ್ಗಿ ಪ್ಲಗ್ ಕಿತ್ತಳು.

ಚಕ್ರ ಗುಂಯ್ ಎಂದು ಸುಸ್ತಾಗಿ ನಿಂತಿತು.

ನೋಡಿ, ವಯರು ಒಳ್ಳೆಯದೋ ಬ್ಯಾಟರಿ ಒಳ್ಳೆಯದೋ ಎಂದು ಅಷ್ಟು ವಾದ ಆಯಿತಲ್ಲ, ಈ ಒಂದು ಗುಣವನ್ನು ಯಾರಾದರೂ ಹೇಳಿದರೇ? ವಯರಿಗೆ ಇನ್ನೊಂದು ತುದಿ ಇರುತ್ತದೆ. ಆ ತುದಿಯಲ್ಲಿ ಇನ್ನೊಬ್ಬರು ನಿಂತಿರಬಹುದು. ಬ್ಯಾಟರಿ ಮಿಷನ್ ಹಿಡಿದವನಿಗೆ ಬ್ಯಾಟರಿಯೂ ಅವನ ಕೈಯಲ್ಲೇ, ಬಟನ್ನೂ ಅವನ ಕೈಯಲ್ಲೇ. ಅವನಾಗಿ ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಚಾರಿಯವರು ತಲೆ ಎತ್ತದೆ ಕೇಳಿದರು: "ಕರೆಂಟ್ ಹೋಯ್ತಾ?"

ಈಗ ಹೇಳಿ. ಎಷ್ಟು ಸುಲಭದ ಪ್ರಶ್ನೆ! "ಹ್ಞೂಂ ಅಪ್ಪ, ಹೋಯ್ತು" ಅಂದರೆ ಸಾಕು. ಯಾರಿಗೂ ನೋವಿಲ್ಲ. ತಂದೆ ಬೀಡಿ ಹಚ್ಚುತ್ತಾರೆ, ಮಗಳು ಕಾಫಿ ತರುತ್ತಾಳೆ. ಸಂಜೆ ಮತ್ತೆ ಮಿಷನ್ ಶುರುವಾಗುತ್ತದೆ, ಹೆಬ್ಬೆರಳು ಮತ್ತೆ ಅಲ್ಲೇ ಇರುತ್ತದೆ.

ಶಾಂಭವಿ ಪ್ಲಗ್ ಹಿಡಿದು ಅಲ್ಲೇ ನಿಂತಿರಲಿ. ಒಂದು ಗಳಿಗೆ ನಿಮ್ಮ ಕಡೆ ತಿರುಗುತ್ತೇನೆ.

ನಿಮ್ಮ ಮನೆಯಲ್ಲಿ ‘ಕರೆಂಟ್ ಹೋಯ್ತಾ?’ ಎಂದು ಯಾರು ಕೇಳುತ್ತಿದ್ದಾರೆ? ಯಜಮಾನರು ಸ್ಕೂಟರಿನಿಂದ ಮೂರು ಸಲ ಬಿದ್ದರು. ನೀವು ಬ್ರೇಕ್ ಬದಲಿಸಿದಿರಿ. ಅವರ ಕಣ್ಣನ್ನು ಡಾಕ್ಟರಿಗೆ ತೋರಿಸಿದಿರಾ? ಸೊಸೆ ದಿನಾ ಅನ್ನ ಸೀಯಿಸುತ್ತಾಳೆ. ನೀವು ಕುಕ್ಕರ್ ಬದಲಿಸಿದಿರಿ. ನಿದ್ದೆ ಬಂತೇ ತಾಯಿ ಎಂದು ಒಂದು ದಿನ ಕೇಳಿದಿರಾ? ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ತಲೆ ಬಗ್ಗಿಸಿದರು. ಬಗ್ಗಿಸಬೇಡಿ ತಾಯಿ, ಇದು ಎಲ್ಲರ ಮನೆಯ ಮಾತು. ವಸ್ತುವಿನ ಬಗ್ಗೆ ಜಗಳ ಆಡುವುದು ಸುಲಭ. ವಸ್ತು ನೊಂದುಕೊಳ್ಳುವುದಿಲ್ಲ. ಮನುಷ್ಯ ನೊಂದುಕೊಳ್ಳುತ್ತಾನೆಂದು ನಾವು ವಸ್ತುವಿನ ಮೇಲೆ ತಪ್ಪು ಹೊರಿಸುತ್ತೇವೆ, ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತೇವೆ.

ಹಾಗಾದರೆ ಏನು ಮಾಡಬೇಕು? ಇವತ್ತು ಮನೆಗೆ ಹೋಗಿ, ಯಾವುದಾದರೂ ಸಾಮಾನು ಕೆಟ್ಟಿದೆ ಎಂಬ ಮಾತು ಬಂದಾಗ, ಆ ಸಾಮಾನನ್ನು ಹಿಡಿದ ಕೈಯನ್ನು ಒಮ್ಮೆ ನೋಡಿ. ಕಂಡದ್ದನ್ನು ಹೇಳಿ. ನೆಂಟರ ಮುಂದೆ ಬೇಡ, ನಗುತ್ತಲೂ ಬೇಡ. ಹತ್ತಿರ ಹೋಗಿ ಹೇಳಿ. ಹೇಳಿ ಎದ್ದುಹೋಗಬೇಡಿ, ಅಲ್ಲೇ ಕೂರಿ. ಆಮೇಲೆ ಅವರು ಬೈದರೆ ಬೈಸಿಕೊಳ್ಳಿ. ನಿಮ್ಮ ಕಡೆಯಿಂದಲೂ ಒಂದು ವಯರನ್ನು ಹೊರಗೆ ಬಿಡಿ. ನಿಮ್ಮನ್ನು ನಿಲ್ಲಿಸಬಲ್ಲ ಒಬ್ಬರಾದರೂ ಅದರ ತುದಿಯಲ್ಲಿರಲಿ. ಇಷ್ಟು ಮಾಡಿದರೆ ಇವತ್ತಿನ ಪ್ರವಚನ ಸಾರ್ಥಕ.

ಈಗ ಆ ಹುಡುಗಿಯ ಹತ್ತಿರ ಹೋಗೋಣ.

"ಕರೆಂಟ್ ಹೋಯ್ತಾ ಅಂದೆ," ಎಂದು ಆಚಾರಿಯವರು ಮತ್ತೆ ಕೇಳಿದರು.

ಶಾಂಭವಿ ಹಲಗೆಯನ್ನು ಸುತ್ತಿ ಬಂದು ತಂದೆಯ ಪಕ್ಕದಲ್ಲಿ, ಮರದ ಹೊಟ್ಟಿನ ಮೇಲೆಯೇ ಕೂತಳು. ಮಿಷನ್ ಹಿಡಿದಿದ್ದ ಅವರ ಬಲಗೈಯನ್ನು ಬಿಡಿಸಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕರೆಂಟ್ ಇದೆ ಅಪ್ಪ," ಅಂದಳು. ದನಿ ಆ ಕೋಣೆಯಿಡೀ ಕೇಳಿಸಿತು. "ನಾನೇ ಕಿತ್ತೆ. ನಿನ್ ಕೈ ನಡುಗ್ತಾ ಇದೆ."