ಐದು ದಿನ ಮುಟ್ಟಬಾರದು

ಸ್ಮೋಲ್ಯಾನ್ ಪಟ್ಟಣದಿಂದ ಹೊರಟ ಬಸ್ಸಿನಲ್ಲಿ ನೆವೆನಾ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮುಂದೆ ಕೂತವರ ಮಾತು ಕೇಳುತ್ತಿದ್ದಳು. ಮುಂದಿನ ಸೀಟಿನಲ್ಲಿ ದನದ ಡಾಕ್ಟರು ಸಿಗದೆ ಊರಿಗೆ ಮರಳುತ್ತಿದ್ದ ಮುದುಕಿಯೊಬ್ಬಳಿಗೆ ತಂಗಿಯ ಮಗಳು ಸಿಕ್ಕಿದ್ದಳು.

"ನನ್ ಜೊತೆ ಇಳಿ ರಾಲಿತ್ಸಾ. ಬೆಳಿಗ್ಗೆಯಿಂದ ನಮ್ ಹಸು ಶಾರ್ಕಾ ತಿಣುಕ್ತಿದೆ. ಕರುವಿನ ಒಂದೇ ಕಾಲು ಕಾಣುತ್ತೆ."

"ಬರೋ ಹಾಗಿಲ್ಲ ದೊಡ್ಡಮ್ಮ. ನಿನ್ನೆ ಲ್ಯಾಬಲ್ಲಿ ಚರ್ಮಗಂಟು ರೋಗದ ವೈರಸ್ ಮುಟ್ಟಿದೀನಿ. ಐದು ದಿನ ಹಸುಗಳ ಹತ್ರ ಸುಳೀಬಾರದು."

"ನೀನು ಮುಟ್ಟಿದ್ದು ಇಲಿಗಳನ್ನಲ್ವೇನೆ?"

"ಹಸುವಿನ ರೋಗಾನೇ ಇಲಿಗೆ ಚುಚ್ಚಿ ನೋಡೋದು. ಈ ಸಲ ಇಲಿ ಚರ್ಮದ ಮೇಲೂ ಗಂಟು ಎದ್ದಿದೆ."

"ಸೋಪು ಹಚ್ಚಿ ತೊಳ್ಕೋ. ಸಾಲದಿದ್ರೆ ಮನೇಲಿರೋ ರಾಕಿಯಾ ಸಾರಾಯಿ ಸುರೀತೀನಿ."

"ನನ್ನಿಂದ ಒಂದು ಹಸುಗೆ ತಗುಲಿದ್ರೂ ಸರ್ಕಾರದೋರು ಊರಿನ ಹಸುಗಳನ್ನೆಲ್ಲ ಕೊಂದು ಹೂಳ್ತಾರೆ."

"ಇಲಿಗಾದ್ರೆ ನಿನ್ ಕೈ ಉಂಟು. ನಿನ್ನನ್ನ ಹಾಲು ಕುಡಿಸಿ ಬೆಳೆಸಿದ ಹಸುವಿನ ಮೊಮ್ಮಗಳಿಗೆ ಇಲ್ಲ."

ಮುದುಕಿ ಅವಳ ಕೈಹಿಡಿಯಲು ಹೋದಳು. ರಾಲಿತ್ಸಾ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಳು.

"ಕೇಳು ದೊಡ್ಡಮ್ಮ. ಚಿಕ್ಕೋಳಿದ್ದಾಗ ನಂಗೆ ಸ್ವೆಟರ್ ಹಾಕ್ತಿದ್ದೆಯಲ್ಲ, ತೋಳೊಳಗೆ ಕೈ ತೂರಿಸಿ ನನ್ ಕೈ ಹುಡುಕ್ತಿದ್ದೆಯಲ್ಲ?"

"ಮುಷ್ಟಿ ಬಿಗಿ ಹಿಡಿದಿರ್ತಿದ್ದೆ, ಹಟಮಾರಿ."

"ಹಾಗೇನೇ. ಮೊದ್ಲು ಕರುವನ್ನ ಮೆಲ್ಲಗೆ ಹಿಂದಕ್ಕೆ ತಳ್ಳು. ಮಡಚಿರೋ ಕಾಲು ಸಿಗುತ್ತೆ. ಗೊರಸನ್ನ ಅಂಗೈಲಿ ಮುಚ್ಚಿ ಹಿಡಿದು ಈಚೆ ತಾ. ಒಳಗೆ ಗೀರಬಾರದು."

"ನನ್ ಕೈಲಿ ಆಗುತ್ತೇನೆ?"

"ಆಗುತ್ತೆ. ಫೋನಲ್ಲಿ ನಾನಿರ್ತೀನಿ."

ಬಸ್ಸು ನಿಂತಿತು. ಅಪ್ಪಿಕೊಳ್ಳಲು ಚಾಚಿದ ತೋಳುಗಳನ್ನು ಮುದುಕಿ ತಾನೇ ಹಿಂದಕ್ಕೆ ತೆಗೆದುಕೊಂಡಳು. ಇಳಿದವಳು ತಿರುಗಿ ನೋಡಲಿಲ್ಲ. ಏರುದಾರಿಯಲ್ಲಿ ಬಿರಬಿರನೆ ನಡೆಯುತ್ತಲೇ ಅಂಗಿಯ ಬಲತೋಳನ್ನು ಭುಜದವರೆಗೂ ಮಡಚತೊಡಗಿದಳು.