ಹೆಡ್‌ಮಾಸ್ಟರ ಕುರ್ಚಿಯ ಹಿಂದಿನ ಚಿತ್ರ

"ಮಕ್ಕಳಿಗೆ ಚಿತ್ರ ತೋರಿಸೋಕೆ ನಿಮ್ಮಂಥ ದಂಡಪಿಂಡ ಬೇಕೇನ್ರೀ? ನಾಳೆಯಿಂದ ನಿಮ್ಮ ಪೀರಿಯಡ್ ಗಣಿತಕ್ಕೆ."

ಆಫೀಸಿನಲ್ಲಿ, ಮಕ್ಕಳನ್ನು ಸ್ಕೂಲಿಗೆ ಸೇರಿಸಲು ಸಾಲು ನಿಂತವರ ಎದುರೇ ಹೆಡ್‌ಮಾಸ್ಟರು ಡ್ರಾಯಿಂಗ್ ಮೇಷ್ಟ್ರ ಮಾನ ಕಳೆದರು. ಸಾಲಿನಲ್ಲಿದ್ದ ಬಡಗಿ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮೇಷ್ಟ್ರಿಗಾದ ಅವಮಾನ ಕಂಡು ಅವನಿಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಮಾತ್ರ ಕದಲಲಿಲ್ಲ.

"ಪೀರಿಯಡ್ ಬಿಡಲ್ಲ ಸಾರ್."

"ಚಿತ್ರ ನೋಡಿ ಏನ್ ಕಲಿತ್ರು?"

"ಐದು ನಿಮಿಷ ಸುಮ್ನೆ ನೋಡ್ಬೇಕು. ಆಮೇಲೆ ಒಬ್ಬೊಬ್ಬರೇ ಕಂಡದ್ದು ಹೇಳ್ಬೇಕು, ಯಾರೂ ನಗೋ ಹಾಗಿಲ್ಲ. ಮೂರನೇ ಕ್ಲಾಸಲ್ಲಿ ಉಗ್ಗೋ ಹುಡುಗಿ ಒಬ್ಬಳಿದಾಳೆ, ಅವಳು ಮಾತು ಮುಗಿಸೋವರೆಗೂ ಈಗ ಇಡೀ ಕ್ಲಾಸು ಕಾಯುತ್ತೆ."

"ಅದಕ್ಕೆ ಚಿತ್ರ ಯಾಕ್ರೀ?"

"ನಿಮ್ಮ ಕುರ್ಚಿ ಹಿಂದಿನ ಚಿತ್ರದಲ್ಲಿ ಏನಿದೆ ಸಾರ್?"

"ದೋಣಿ."

"ಅದನ್ನ ಕ್ಲಾಸಿಗೆ ಒಯ್ದಾಗ, ದಡದಲ್ಲೇ ಉಳಿದುಹೋದ ಅಜ್ಜೀನ ಮೊದಲು ಕಂಡವಳು ಆ ಹುಡುಗೀನೇ."

"ಅಜ್ಜಿನಾ? ಎಲ್ಲಿದಾಳೆ?"

ಗಂಟೆ ಹೊಡೆಯಿತು. ಮೇಷ್ಟ್ರು ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಮೂರನೇ ಕ್ಲಾಸಿನ ಕಡೆ ನಡೆದುಬಿಟ್ಟರು.